ಅಕ್ಕ ಬಿಟ್ಟಿದ್ದ ಹುಲ್ಲು

ನನಗೆ ಮಜ್ಜಿಗೆ ಹುಲ್ಲಿನ ವಾಸನೆ ಆಗುವುದಿಲ್ಲ. ಈಗ ಎಲ್ಲರೂ ಅದನ್ನು ಚಹಾಕ್ಕೆ ಹಾಕುತ್ತಾರೆ, ಕುಡಿದು ಕಣ್ಣು ಮುಚ್ಚಿ ‘ಆಹಾ’ ಅನ್ನುತ್ತಾರೆ. ನಾನು ಲೋಟವನ್ನು ಮೆಲ್ಲಗೆ ಆಚೆ ಸರಿಸಿ, ಪಿತ್ತ ಆಗುತ್ತದೆ ಎಂದು ಸುಳ್ಳು ಹೇಳುತ್ತೇನೆ. ಬರೆಯುವಾಗಲೂ ಸುಳ್ಳು ಹೇಳಿ ಯಾರನ್ನು ಮೆಚ್ಚಿಸಬೇಕು? ನನಗೆ ಅದು ಅಕ್ಕನ ಗದ್ದೆಯ ವಾಸನೆ, ನನ್ನ ಹೊಟ್ಟೆಕಿಚ್ಚಿನ ವಾಸನೆ.

ನಮ್ಮದು ನಾರಾವಿ ಕಡೆಯ ಮನೆ. ನಮ್ಮ ಜನರಲ್ಲಿ ಆಗ ಮನೆ, ಗದ್ದೆ ಎಲ್ಲ ತಾಯಿಯಿಂದ ಹೆಣ್ಣುಮಕ್ಕಳಿಗೆ ಇಳಿಯುತ್ತಿದ್ದವು. ಮದುವೆಯಾದ ಮೇಲೂ ನಾನು ಅಮ್ಮನ ಮನೆಯಲ್ಲೇ ಇದ್ದೆ. ನನ್ನವರು ಬಂಟ್ವಾಳದ ಪೇಟೆಯಲ್ಲಿ ಅಕ್ಕಿ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕಿದ್ದು ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಿದ್ದರು. ಯಜಮಾನಿಕೆ ಅಮ್ಮನ ಅಣ್ಣನದು. ನಾವು ಮಾವ ಎನ್ನುತ್ತಿದ್ದ ಅವರು ಪಂಚಾತಿಕೆಗೆ, ಕಚೇರಿಗೆ, ಮದುವೆಯ ಮಾತುಕತೆಗೆ ಯಜಮಾನರು. ಗದ್ದೆಯ ವಿಷಯದಲ್ಲಿ ಮಾತ್ರ ಅಮ್ಮ ಹೇಳಿದ್ದೇ ಕೊನೆ.

ಅಮ್ಮನ ಒಂದು ಪದ್ಧತಿ ಇತ್ತು. ಮಳೆಗಾಲದ ಏಣೆಲು ಬೆಳೆಯ ಕೊಯ್ಲಾದ ಮೇಲೆ ಅವಳು ಒಂದೊಂದು ಗದ್ದೆಯ ಭತ್ತವನ್ನೂ ಅಂಗೈಯಲ್ಲಿ ಉಜ್ಜಿ, ಊದಿ, ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದಳು. ಯಾವುದು ಒಳ್ಳೆಯದೋ ಅದೇ ಮರುವರ್ಷ ಇಡೀ ಮನೆಗೆ ಬೀಜ. ಆ ಭತ್ತವನ್ನು ಒಣಹುಲ್ಲಿನಲ್ಲಿ ಸುತ್ತಿ, ಹುಲ್ಲಿನದೇ ಹಗ್ಗ ಬಿಗಿದು, ಮುಡಿ ಕಟ್ಟಿ ಅಟ್ಟಕ್ಕೆ ಏರಿಸುತ್ತಿದ್ದೆವು. ಅಕ್ಕಿಯ ಮುಡಿಗಳನ್ನು ಗಂಡಸರು ಕಟ್ಟುತ್ತಿದ್ದರು. ಬೀಜದ ಮುಡಿಯನ್ನು ಮಾತ್ರ ನಮ್ಮ ಮನೆಯಲ್ಲಿ ಹೆಂಗಸರೇ ಕಟ್ಟಬೇಕು, ಅದೂ ಯಾರ ಗದ್ದೆಯ ಬೀಜವೋ ಅವಳೇ. ಮರುವರ್ಷ ಮೊದಲ ಹಿಡಿ ಬಿತ್ತುವವಳೂ ಅವಳೇ. ಅಮ್ಮನ ನಂತರ ಮನೆ ನಡೆಸುವವಳು ಅವಳೇ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ನಾಲ್ಕು ವರ್ಷ ಆ ಮುಡಿ ಕಟ್ಟಿದ್ದು ನಾನು. ನನ್ನೆದುರು ಆಗ ಬೇರೆ ಯಾರೂ ಇರಲಿಲ್ಲ ಎಂಬುದೂ ನಿಜ.

ಐವತ್ತರ ದಶಕದ ಒಂದು ಬೇಸಗೆಯಲ್ಲಿ ಭಾವ ತೀರಿಕೊಂಡರು. ಪುತ್ತಿಗೆಯ ಗಂಡನ ಮನೆಯಲ್ಲಿದ್ದ ಅಕ್ಕ ಎರಡು ಹೆಣ್ಣುಮಕ್ಕಳನ್ನು ಕರೆದುಕೊಂಡು ತವರಿಗೆ ಬಂದಳು. ನನಗೆ ಅಳು ಬಂತು, ನಿಜವಾಗಿಯೂ ಅತ್ತುಬಿಟ್ಟೆ. ಆದರೆ ಅಳುತ್ತಲೇ ಅವಳ ಸಾಮಾನು ಎಣಿಸಿದ್ದೂ ನೆನಪಿದೆ: ಒಂದು ತಗಡಿನ ಪೆಟ್ಟಿಗೆ, ಒಂದು ಚಾಪೆ, ಒದ್ದೆ ಗೋಣಿಯಲ್ಲಿ ಸುತ್ತಿದ ಒಂದು ಕಟ್ಟು. ಕಟ್ಟಿನಲ್ಲಿ ಮಜ್ಜಿಗೆ ಹುಲ್ಲಿನ ಬೇರುಗಳೂ ನೆಕ್ಕಿಯ ಗೆಲ್ಲುಗಳೂ ಇದ್ದವು. ನೆಕ್ಕಿ ಎಂದರೆ ಬಾಣಂತಿಯರ ಸ್ನಾನದ ನೀರಿಗೆ ಹಾಕುವ ಸೊಪ್ಪು, ಕೆಲವರು ಲಕ್ಕಿ ಎನ್ನುತ್ತಾರೆ. ಗಂಡ ಸತ್ತು ಹದಿನಾರು ದಿನ ಕಳೆದಿರಲಿಲ್ಲ, ಹೆಂಗಸು ಗಿಡ ಹೊತ್ತುಕೊಂಡು ಬಂದಿದ್ದಾಳಲ್ಲ ಎಂದು ನನಗೆ ಆಶ್ಚರ್ಯವಾಯಿತು.

ಮನೆಯ ಕೆಳಗೆ ಎರಡು ದೊಡ್ಡ ಗದ್ದೆಗಳಿದ್ದವು, ನಡುವೆ ಒಂದೇ ಹುಣಿ, ಅಂದರೆ ಮಣ್ಣಿನ ಬದು. ಎರಡನ್ನೂ ನಾನೇ ನೋಡಿಕೊಳ್ಳುತ್ತಿದ್ದೆ. ಅಕ್ಕ ಬಂದ ತಿಂಗಳಿಗೆ ಮಾವ ಜಗಲಿಯಲ್ಲಿ ಎಲೆ ಮಡಚುತ್ತ, “ಬಡಗಿನ ಗದ್ದೆ ಅಕ್ಕ ನೋಡ್ಲಿ. ಅವಳಿಗೂ ಹೊತ್ತು ಹೋಗ್ಲಿಕ್ಕೆ ಏನಾದ್ರೂ ಬೇಕಲ್ಲ” ಎಂದರು. ಬಡಗಿನದು ಒಳ್ಳೆಯ ಮಣ್ಣಿನ ಗದ್ದೆ. ನಾನು ‘ಆಗಬಹುದು’ ಎಂದೆ, ಒಳಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆದೆ.

ಅಕ್ಕ ತನ್ನ ಗದ್ದೆಯ ಸುತ್ತ ಹುಣಿಗಳ ಮೇಲೆ ಮೊಳಕ್ಕೊಂದರಂತೆ ಮಜ್ಜಿಗೆ ಹುಲ್ಲು, ಮೂಲೆಗಳಲ್ಲಿ ನೆಕ್ಕಿ ನೆಟ್ಟಳು. ಆಟಿ ಎನ್ನುವ ಆಷಾಢ ತಿಂಗಳಲ್ಲಿ ಗದ್ದೆಗೊಂದು ಕಾಸರಕನ ಕಹಿ ಮರದ ಗೆಲ್ಲು ಊರುವುದು ನಮ್ಮಲ್ಲಿ ಎಲ್ಲರೂ ಮಾಡುತ್ತಿದ್ದದ್ದು. ಅದರಾಚೆಗೆ ಬೆಳೆಗೆ ಕಾವಲು ಬೇಕು ಎಂದು ಯಾರಿಗೂ ಅನಿಸಿರಲಿಲ್ಲ. ನಾನು ಹುಣಿಯ ಮೇಲೆ ನಿಂತು ತಮಾಷೆ ಮಾಡಿದೆ.

“ಎಂತಕ್ಕಾ ಇದು, ಭತ್ತಕ್ಕೆ ಕಷಾಯ ಕುಡಿಸ್ಲಿಕ್ಕಾ?”

“ನಾತದ ಹುಳಕ್ಕೆ,” ಎಂದಳು ಅಕ್ಕ. “ಅದು ತೆನೆಯ ಪರಿಮಳ ಹಿಡಿದು ಬರ್ತದೆ. ಈ ವಾಸನೆ ಅಡ್ಡ ಬಂದ್ರೆ ಅದಕ್ಕೆ ದಾರಿ ಸಿಗುದಿಲ್ಲ. ಪುತ್ತಿಗೆಯಲ್ಲಿ ಅತ್ತೆ ಮಾಡ್ತಿದ್ರು.”

“ಹುಳಕ್ಕೆ ಅಷ್ಟು ದೊಡ್ಡ ಮೂಗು ಉಂಟಾ?”

“ನೋಡುವ,” ಎಂದಳು. ಅಕ್ಕನದು ಯಾವಾಗಲೂ ಅಷ್ಟೇ ಮಾತು.

ನಾತದ ಹುಳ ಎಂದರೆ ಸಪೂರ ಮೈಯ, ಉದ್ದ ಕಾಲಿನ ಹಸುರು ಹುಳ. ಹಿಸುಕಿದರೆ ಕೈ ತೊಳೆದಷ್ಟೂ ನಾರುತ್ತದೆ. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಹಿಂಡಾಗಿ ಬಂದು ಎಳೆ ಕಾಳಿನ ಹಾಲನ್ನೆಲ್ಲ ಹೀರುತ್ತದೆ. ಹಾಲು ಹೋದ ತೆನೆ ಬಾಗುವುದಿಲ್ಲ, ನೆಟ್ಟಗೆ ನಿಂತೇ ಇರುತ್ತದೆ. ಕೊಯ್ದು ಬಡಿದರೆ ಬರೀ ಜೊಳ್ಳು.

ಆ ವರ್ಷ ಹುಳ ಬಂತು. ಪ್ರತಿವರ್ಷ ಎರಡೂ ಗದ್ದೆಗೆ ಹಂಚಿಕೊಂಡು ಬೀಳುತ್ತಿದ್ದದ್ದು ಆ ಸಲ ಹೆಚ್ಚಾಗಿ ನನ್ನ ಗದ್ದೆಗೇ ಬಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ನನ್ನ ತೆನೆಗಳ ಮೇಲೆ ಹುಳ ಸಾಲುಗಟ್ಟಿತ್ತು. ಆಚೆ ಅಕ್ಕನ ಗದ್ದೆಯಲ್ಲಿ ಅಲ್ಲೊಂದು ಇಲ್ಲೊಂದು. ಗಾಳಿ ಬೀಸಿದಾಗ ಮಜ್ಜಿಗೆ ಹುಲ್ಲಿನ ವಾಸನೆ ನನ್ನ ಮೂಗಿಗೆ ಹೊಡೆಯುತ್ತಿತ್ತು. ಹುಳವನ್ನು ಅವಳು ನನ್ನ ಕಡೆಗೇ ಅಟ್ಟಿದ ಹಾಗೆ ನನಗೆ ಅನಿಸಿತು.

ಕೊಯ್ಲಾದ ಮೇಲೆ ಅಮ್ಮ ನನ್ನ ಭತ್ತವನ್ನು ಉಜ್ಜಿ ಊದಿದಳು. ಅರ್ಧ ಹಾರಿಹೋಯಿತು. ಅಕ್ಕನದನ್ನು ಉಜ್ಜಿದಳು, ಊದಿದಳು, ಕಚ್ಚಿದಳು. “ಕಾಳು ಕಟ್ಟಿದ್ದು ಹೀಗೆ,” ಎಂದಳು. ಆ ವರ್ಷ ಬೀಜದ ಮುಡಿ ಅಕ್ಕ ಕಟ್ಟಿದಳು. ಬಿಳಿ ಮುಂಡು ಸುತ್ತಿದ ವಿಧವೆ ಮಗಳು ಅಂಗಳದ ನಡುವೆ ಕೂತು ಮುಡಿ ಬಿಗಿಯುವಾಗ ಅಮ್ಮನ ಮುಖದಲ್ಲಿದ್ದ ಸಮಾಧಾನವನ್ನು ನಾನು ನೋಡಿದೆ. ಒಳ್ಳೆಯವಳಾದರೆ ನನಗೂ ಸಮಾಧಾನ ಆಗಬೇಕಿತ್ತು. ನನ್ನ ಹೊಟ್ಟೆ ಉರಿಯಿತು. ನನಗೆ ಗಂಡ ಇದ್ದಾನೆ, ಅವಳಿಗೆ ಇಲ್ಲ, ಈ ಮುಡಿಯನ್ನಾದರೂ ಅವಳು ಕಟ್ಟಲಿ ಎಂದು ಮನಸ್ಸಿಗೆ ಹೇಳಿ ನೋಡಿದೆ. ಮನಸ್ಸು ಕೇಳಲಿಲ್ಲ.

ಮುಂದಿನ ಬೇಸಗೆಯಲ್ಲಿ ಅಕ್ಕ ಏನೋ ಕೆಲಸಕ್ಕೆಂದು ಮೂಡಬಿದಿರೆಗೆ ಹೋದ ದಿನ ನಾನು ಅವಳ ಹುಣಿಯಿಂದ ನಾಲ್ಕು ಬುಡ ಮಜ್ಜಿಗೆ ಹುಲ್ಲು ಕಿತ್ತೆ. ಕೇಳಿದ್ದರೆ ಅವಳು ನಲವತ್ತು ಕೊಡುತ್ತಿದ್ದಳು. ಕೇಳುವುದು ಹೇಗೆ? ಕಷಾಯದ ಮಾತು ಆಡಿದವಳು ನಾನೇ. ಕದ್ದದ್ದನ್ನು ಹುಣಿಯ ಮೇಲೆ ನೆಟ್ಟರೆ ಎಲ್ಲರಿಗೂ ಕಾಣುತ್ತದೆ ಎಂದು ದನದ ಹಟ್ಟಿಯ ಹಿಂದೆ, ಗೊಬ್ಬರದ ಗುಂಡಿಯ ಬದಿಯಲ್ಲಿ ನೆಟ್ಟೆ. ದೊಡ್ಡದಾದ ಮೇಲೆ ಗದ್ದೆಗೆ ತರುವ ಎಂದುಕೊಂಡೆ. ಅದು ಸೊಂಟದೆತ್ತರ ಬೆಳೆಯಿತು. ಗದ್ದೆಗೆ ತರುವ ಧೈರ್ಯ ಮಾತ್ರ ಬರಲೇ ಇಲ್ಲ. ನನ್ನವರು ಊರಿಗೆ ಬಂದಾಗ ಅದನ್ನು ನೋಡಿ, “ಭಾರೀ ಒಳ್ಳೇದಾಯ್ತು, ಇನ್ನು ನಮ್ಮ ಗೊಬ್ಬರಕ್ಕೆ ಹುಳದ ಹೆದರಿಕೆ ಇಲ್ಲ” ಎಂದು ನಕ್ಕರು. ಎರಡು ದಿನ ನಾನು ಅವರ ಹತ್ತಿರ ಮಾತಾಡಲಿಲ್ಲ.

ಆ ಮಳೆಗಾಲಕ್ಕೆ ಗ್ರಾಮಸೇವಕರೊಬ್ಬರು ನಮ್ಮ ಕಡೆಗೆ ಬರಲು ಸುರು ಮಾಡಿದರು. ಗುರುವಾಯನಕೆರೆಯಲ್ಲಿ ಬಸ್ಸಿನ ತಲೆಯ ಮೇಲೆ ಸೈಕಲ್ ಹಾಕಿಸಿಕೊಂಡು ಬಂದು, ನಾರಾವಿಯಲ್ಲಿ ಇಳಿಸಿಕೊಂಡು ಮನೆಮನೆಗೆ ಸುತ್ತುವ ಮನುಷ್ಯ. ಹುಳ ಕೊಲ್ಲುವ ಬಿಳಿ ಪುಡಿಯ ಡಬ್ಬ ತೋರಿಸಲು ಬಂದವರು ಅಕ್ಕನ ಹುಣಿಯ ಮೇಲೆ ನಿಂತುಬಿಟ್ಟರು. ಎಲೆ ಹರಿದು ಮೂಸಿದರು, ನೋಟ್ ಪುಸ್ತಕ ತೆಗೆದರು.

“ಇದನ್ನು ನಾಲ್ಕು ಜನ ನೋಡ್ಬೇಕು ಅಕ್ಕ,” ಎಂದರು. “ತೆನೆ ಬರುವ ಹೊತ್ತಿಗೆ ಬೆಳ್ತಂಗಡಿಯಿಂದ ಕೆಲವು ರೈತರನ್ನು ಕರ್ಕೊಂಡು ಬರ್ತೇನೆ. ಆಗ್ತದಾ?”

ಅಕ್ಕ ತಲೆಯಾಡಿಸಿದಳು. ಮತ್ತೆ ಇಬ್ಬರೂ ಹುಣಿಯ ಉದ್ದಕ್ಕೂ ಅರ್ಧ ಗಂಟೆ ನಡೆದರು. ಅಕ್ಕ ಕೈ ತೋರಿಸಿ ಏನೇನೋ ಹೇಳಿದಳು, ಅವರು ಬರೆದುಕೊಂಡರು. ನನ್ನ ಹತ್ತಿರ ಎರಡು ಮಾತಿಗೆ ಮೂರನೆಯದು ಆಡದವಳು ಹೊರಗಿನ ಗಂಡಸಿನ ಹತ್ತಿರ ಅರ್ಧ ಗಂಟೆ ಏನು ಹೇಳುತ್ತಾಳೆ? ಕಾಫಿ ಕೊಡಲು ಅಮ್ಮ ನನಗೇ ಹೇಳಿದಳು. ಬೆಲ್ಲ ಹಾಕದೆ ಕೊಟ್ಟೆ. ಪಾಪ ಆ ಮನುಷ್ಯ ಕುಡಿದು, ‘ಒಳ್ಳೇದಿತ್ತು’ ಎಂದು ಹೇಳಿಯೇ ಹೋದರು.

ಅದಾದ ಮೇಲೆ ಅಕ್ಕ ಒಂದು ವಿಚಿತ್ರ ಕೆಲಸ ಮಾಡಿದಳು. ನಮ್ಮಿಬ್ಬರ ನಡುವಿನ ಹುಣಿಯಿಂದ ಎರಡು ಮೊಳ ಒಳಗೆ, ತನ್ನದೇ ಗದ್ದೆಯಲ್ಲಿ, ಇನ್ನೊಂದು ಸಣ್ಣ ಹುಣಿ ಕಟ್ಟಿದಳು. ನಡುವಿನ ಹುಣಿಯಲ್ಲಿದ್ದ ಮಜ್ಜಿಗೆ ಹುಲ್ಲನ್ನೆಲ್ಲ ಕಿತ್ತು ಈ ಹೊಸದರ ಮೇಲೆ ನೆಟ್ಟಳು. ಎರಡು ಹುಣಿಗಳ ನಡುವಿನ ಜಾಗದಲ್ಲಿ ಭತ್ತದ ನೇಜಿ ನೆಡದೆ ಕಾಟು ಹುಲ್ಲು ಬೆಳೆಯಲು ಬಿಟ್ಟಳು. ಒಳ್ಳೆಯ ಮಣ್ಣಿನಲ್ಲಿ ಹುಲ್ಲು ಸೊಕ್ಕಿ ಬೆಳೆಯಿತು. ಹುಣಿಯಲ್ಲಿ ಹುಲ್ಲು ಬಿಡುವುದೆಂದರೆ ನಮ್ಮಲ್ಲಿ ಹೆಂಗಸಿಗೆ ನಾಚಿಕೆಯ ವಿಷಯ, ತಲೆ ಬಾಚದೆ ಮದುವೆಗೆ ಹೋದ ಹಾಗೆ. ಅಮ್ಮ ಕೂಡ ಒಮ್ಮೆ ಕೇಳಿದಳು. “ಇರ್ಲಿ ಅಮ್ಮ, ಬೇಕು ಅದು,” ಎಂದಳು ಅಕ್ಕ. ಅಮ್ಮ ಸುಮ್ಮನಾದಳು. ನಾನು ಹಾಗೆ ಬಿಟ್ಟಿದ್ದರೆ ಸುಮ್ಮನಿರುತ್ತಿದ್ದಳೇ ಎಂದು ನನ್ನ ಮೈ ಉರಿಯಿತು.

ಅಕ್ಕ ಬಂದ ಮೇಲೆ ನಡುವಿನ ಹುಣಿಯ ಹುಲ್ಲು ಕೆತ್ತುವುದಕ್ಕೆ ಸರದಿ ಇಟ್ಟುಕೊಂಡಿದ್ದೆವು, ಒಂದು ವರ್ಷ ಅವಳು, ಒಂದು ವರ್ಷ ನಾನು. ಆ ವರ್ಷ ನನ್ನ ಸರದಿ. ತೆನೆ ಹೊರಡುವ ಮೊದಲು ಕೆತ್ತಬೇಕು. ನಾನು ಕತ್ತಿ ಹಿಡಿದು ಹೊರಟಾಗ ಅಕ್ಕ ಅಡುಗೆಮನೆಯಿಂದ ಕೂಗಿದಳು.

“ಹುಣಿ ಮಾತ್ರ ಕೆತ್ತು ಆಯ್ತಾ. ನನ್ನ ಗದ್ದೆಯ ಹುಲ್ಲು ಇರ್ಲಿ.”

“ಯಾಕೆ, ಅದಕ್ಕೂ ಪೂಜೆ ಉಂಟಾ?”

“ಹೇಳ್ತೇನೆ ಮಾರಾಯ್ತಿ. ಈಗ ಒಲೆಯಲ್ಲಿ ಗಂಜಿ ಉಂಟು.”

ಗಂಜಿ ಇಳಿಯುವವರೆಗೆ ನಾನು ಕಾಯಲಿಲ್ಲ. ಕಾದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಹುಣಿ ಕೆತ್ತಿ ಮುಗಿಸಿ ಆಚೆ ನೋಡಿದೆ. ಹುಲ್ಲು ಹೂ ಬಿಟ್ಟು ಕದಿರಾಗಿತ್ತು, ಅದರ ಮೇಲೆ ನಾಲ್ಕಾರು ನಾತದ ಹುಳಗಳು ಕೂತಿದ್ದವು. ಬೆಳ್ತಂಗಡಿಯ ಜನ ಬಂದು ಈ ಹುಲ್ಲನ್ನೂ ನೋಡುತ್ತಾರೆ, ಇದಕ್ಕೂ ಒಂದು ಹೊಗಳಿಕೆ ಇರುತ್ತದೆ, ಗ್ರಾಮಸೇವಕ ಇದನ್ನೂ ಬರೆದುಕೊಂಡಿರುತ್ತಾನೆ ಎಂದೆಲ್ಲ ಅನಿಸಿತು. ಕತ್ತಿ ಕೈಯಲ್ಲೇ ಇತ್ತು. ಆ ತುದಿಯಿಂದ ಈ ತುದಿಯವರೆಗೆ ಬುಡಸಮೇತ ಕೊಯ್ದೆ. ನಾಲ್ಕು ಹೊರೆ ಆಯಿತು. ಹೊತ್ತು ತಂದು ದನಕ್ಕೆ ಹಾಕಿದೆ. ಯಾರಾದರೂ ಕೇಳಿದರೆ ಸರದಿ ನನ್ನದಿತ್ತು, ಕೈ ಸ್ವಲ್ಪ ಮುಂದೆ ಹೋಯಿತು ಎನ್ನುವುದು ಎಂದು ಉತ್ತರವನ್ನೂ ಕಟ್ಟಿಕೊಂಡೆ. ಆ ದಿನ ಉಂಡ ಊಟ ರುಚಿಯಾಗಿತ್ತು.

ಅಕ್ಕ ಸಂಜೆ ಗದ್ದೆಗೆ ಹೋಗಿ ಬಂದಳು. ಏನೂ ಕೇಳಲಿಲ್ಲ. ಕೇಳಲಿ ಎಂದು ನಾನು ಅಡುಗೆಮನೆಯಲ್ಲಿ ಅವಳ ಸುತ್ತಮುತ್ತವೇ ಸುಳಿದೆ. ಅವಳು ಮಕ್ಕಳಿಗೆ ಬಡಿಸಿ ಮಲಗಿದಳು.

ವಾರದೊಳಗೆ ನನ್ನ ಗದ್ದೆಗೆ ಹುಳ ಇಳಿಯಿತು. ಹಿಂದಿನ ವರ್ಷದ್ದು ಅದರ ಎದುರು ಏನೂ ಅಲ್ಲ. ನಾನು ಹೊಗೆ ಹಾಕಿದೆ, ಬೂದಿ ಎರಚಿದೆ, ಮಾವನ ಕಾಲು ಹಿಡಿದು ಬಿಳಿ ಪುಡಿ ತರಿಸಿ ಬಟ್ಟೆಯಲ್ಲಿ ಕಟ್ಟಿ ತೆನೆಗಳ ಮೇಲೆ ಕೊಡವಿದೆ. ಪುಡಿ ಹಾಕಿದ ಸಂಜೆಯೇ ಮಳೆ ಬಂದು ತೊಳೆದುಕೊಂಡು ಹೋಯಿತು. ಹಾಲು ತುಂಬಬೇಕಿದ್ದ ತೆನೆಗಳು ಬೆಳ್ಳಗಾಗತೊಡಗಿದವು. ಒಂದು ಬೆಳಿಗ್ಗೆ ಅಂಗಳದಲ್ಲಿ ಅಮ್ಮನ ಎದುರೇ ಅಕ್ಕನ ಮೇಲೆ ಹರಿಹಾಯ್ದೆ.

“ನಿನ್ನ ಆ ನಾರುವ ಗಿಡ ಸುಟ್ಟುಹೋಗ್ಲಿ! ಹುಳವನ್ನೆಲ್ಲ ನನ್ನ ಗದ್ದೆಗೆ ಅಟ್ಟಿದ್ದು ನೀನು. ಬಂದವಳು ಬಂದ ಹಾಗೆ ಇರ್ಬೇಕಿತ್ತು!”

ಗಂಡ ಸತ್ತು ಬಂದವಳಿಗೆ ಆಡಬಾರದ ಮಾತು ಅದು. ಆಡಿದ ಮೇಲೆ ನನಗೇ ಬಾಯಿ ಕಹಿಯಾಯಿತು. ಅಮ್ಮ ಕೂತಲ್ಲಿಂದ ಎದ್ದು ಒಳಗೆ ಹೋದಳು.

ಮರುದಿನ ಮಂಜು ಆರುವ ಮೊದಲೇ ಅಕ್ಕ ನನ್ನ ಗದ್ದೆಯಲ್ಲಿದ್ದಳು. ಬೇಸಗೆಯಲ್ಲಿ ಹಲಸಿನ ಮೇಣವನ್ನು ತೆಂಗಿನ ಗೆರಟೆಯಲ್ಲಿ ತೆಗೆದಿಟ್ಟಿದ್ದಳು. ಅದನ್ನು ಬಿಸಿ ಮಾಡಿ ಭತ್ತ ಕೇರುವ ಗೆರಸೆಗೆ ಬಳಿದು, ತೆನೆಗಳ ತಲೆಗೆ ತಾಗಿಸಿ ಬೀಸುತ್ತ ಸಾಲಿನಿಂದ ಸಾಲಿಗೆ ಹೋಗುತ್ತಿದ್ದಳು. ಹುಳಗಳು ಮೇಣಕ್ಕೆ ಅಂಟಿ ಕಪ್ಪಾಗುತ್ತಿದ್ದವು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ, ಕೂಡಿ ಬೀಸಲು ಕೈ ಬರಲಿಲ್ಲ. ಹಟ್ಟಿಯ ಬಾಗಿಲಲ್ಲಿ ನಿಂತು ನೋಡಿದೆ. ಒಂಬತ್ತು ದಿನ ಅವಳು ಹಾಗೆ ಮಾಡಿದಳು. ಗದ್ದೆಯ ಕಾಲುಭಾಗ ಉಳಿದದ್ದು ಅದರಿಂದ.

ಬೆಳ್ತಂಗಡಿಯ ರೈತರು ಹೇಳಿದ ದಿನವೇ ಬಂದರು, ಏಳೆಂಟು ಜನ. ಅಕ್ಕನ ಗದ್ದೆಯ ತೆನೆಗಳು ತಲೆಬಾಗಿ ನಿಂತಿದ್ದವು, ನನ್ನವು ಬೆಳ್ಳಗೆ ಸೆಟೆದು ನಿಂತಿದ್ದವು. ಗ್ರಾಮಸೇವಕರಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಗಬೇಕು? “ವಾಸನೆಯ ಗಿಡ ಇದ್ದದ್ದು ಅದು, ಇಲ್ಲದ್ದು ಇದು,” ಎಂದು ಕೋಲಿನಲ್ಲಿ ತೋರಿಸಿದರು. ಜನ ನನ್ನ ಗದ್ದೆಗೆ ಇಳಿದು ಜೊಳ್ಳು ತೆನೆಗಳನ್ನು ಮುರಿದು ಹಿಸುಕಿ ನೋಡಿದರು. ನಾನು ಮಜ್ಜಿಗೆಯ ಚೊಂಬು ಹಿಡಿದು ಹುಣಿಯ ಮೇಲೆ ನಿಂತಿದ್ದೆ. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಆಮೇಲೆ ಗ್ರಾಮಸೇವಕರು ನೋಟ್ ಪುಸ್ತಕ ನೋಡಿ ಅತ್ತಿತ್ತ ಹುಡುಕಿದರು.

“ಅಕ್ಕ, ಆ ಹುಲ್ಲಿನ ಪಟ್ಟಿ ಎಲ್ಲಿ? ಅದನ್ನೇ ಮುಖ್ಯ ತೋರಿಸ್ಬೇಕಿತ್ತಲ್ಲ.” ಜನರ ಕಡೆ ತಿರುಗಿ ಹೇಳಿದರು: “ಇವರು ಹೇಳಿದ್ದು ಕೇಳಿ. ವಾಸನೆ ಹುಳವನ್ನು ಕೊಲ್ಲುದಿಲ್ಲ, ಓಡಿಸ್ತದೆ ಅಷ್ಟೆ. ಓಡಿಸಿದ ಹುಳ ಪಕ್ಕದ ಗದ್ದೆಗೆ ಬೀಳ್ತದೆ. ಹೋದ ವರ್ಷ ಇವರ ತಂಗಿಯ ಗದ್ದೆ ಹಾಗೆ ಹಾಳಾಯ್ತು. ಅದಕ್ಕೆ ಈ ಸಲ ತನ್ನ ಗದ್ದೆಯ ಎರಡು ಮೊಳ ಬಿಟ್ಟು ಹುಲ್ಲು ಬೆಳೆಸಿದ್ದಾರೆ. ಹುಲ್ಲು ಮೊದಲು ಕದಿರಾಗ್ತದೆ, ಹುಳ ಅಲ್ಲೇ ಕೂತುಕೊಳ್ತದೆ, ಗೆರಸೆ ಬೀಸಿ ಹಿಡಿದ್ರೆ ಆಯ್ತು. ತಂಗಿಯ ಕಡೆಗೆ ದಾಟುದಿಲ್ಲ.”

ಚೊಂಬಿನ ಮಜ್ಜಿಗೆ ನನ್ನ ಕಾಲ ಮೇಲೆ ಚೆಲ್ಲಿತು.

“ಎಲ್ಲಿ ಅಕ್ಕ ಆ ಹುಲ್ಲು?” ಅವರು ಮತ್ತೆ ಕೇಳಿದರು.

“ಈ ಸಲ ಸರಿ ಬರ್ಲಿಲ್ಲ,” ಎಂದಳು ಅಕ್ಕ. “ನಾನೇ ಕೊಯ್ದು ತೆಗೆದೆ.”

ಅವಳು ನನ್ನ ಕಡೆ ನೋಡಲೂ ಇಲ್ಲ. ಆಗ ನನಗೆ ಆದದ್ದು ಪಶ್ಚಾತ್ತಾಪ ಎಂದು ಬರೆದರೆ ಓದುವವರಿಗೆ ಹಿತವಾದೀತು. ಆದದ್ದು ಅದಲ್ಲ. ಹಿಂದೆಂದೂ ಇಲ್ಲದಷ್ಟು ಹೊಟ್ಟೆಕಿಚ್ಚಾಯಿತು. ಗದ್ದೆಯಲ್ಲಿ ಗೆದ್ದಳು, ಅಮ್ಮನ ಹತ್ತಿರ ಗೆದ್ದಳು, ಈಗ ಒಳ್ಳೆಯತನದಲ್ಲೂ ನನಗೆ ಒಂದು ಹೆಜ್ಜೆ ಇಡಲು ಜಾಗ ಉಳಿಸಲಿಲ್ಲವಲ್ಲ ಎಂದು ಅನಿಸಿತು. ಎಲ್ಲರ ಎದುರು ನನ್ನ ಹೆಸರು ಹೇಳಿದ್ದರೆ ಅವಳ ಮೇಲೆ ಸಿಟ್ಟು ಮಾಡಿಕೊಂಡಾದರೂ ನಾನು ಬದುಕುತ್ತಿದ್ದೆ.

ಕೊಯ್ಲಾಯಿತು. ಅಮ್ಮ ನನ್ನ ಭತ್ತವನ್ನು ಅಂಗೈಗೆ ತೆಗೆದುಕೊಳ್ಳಲೂ ಇಲ್ಲ. ಅಕ್ಕನ ಭತ್ತವನ್ನು ಅಂಗಳದಲ್ಲಿ ಸುರಿದು, ಒಣಹುಲ್ಲು ಹರಡಿ, “ಕಟ್ಟು” ಎಂದು ಅವಳಿಗೆ ಹೇಳಿ ಒಳಗೆ ಹೋದಳು. ಮುಡಿ ಒಬ್ಬರಿಂದ ಬಿಗಿಯಾಗುವುದಿಲ್ಲ. ಒಬ್ಬರು ಹಿಡಿದು ಒತ್ತಬೇಕು, ಇನ್ನೊಬ್ಬರು ಹಗ್ಗ ಎಳೆಯಬೇಕು, ಎಳೆದವಳೇ ಕಟ್ಟಿದವಳು. ಹಿಂದಿನ ವರ್ಷ ತಲೆನೋವೆಂದು ನಾನು ಮಲಗಿದ್ದೆ, ಅಮ್ಮ ಹಿಡಿದಿದ್ದಳು. ಈ ಸಲ ಅಕ್ಕ ಯಾರನ್ನೂ ಕರೆಯಲಿಲ್ಲ. ಮೊಣಕಾಲಿನಲ್ಲಿ ಒತ್ತಿ ಹಿಡಿದು ಒಬ್ಬಳೇ ಹೆಣಗುತ್ತಿದ್ದಳು. ಹಗ್ಗ ಎರಡು ಸಲ ಜಾರಿತು. ಮೂರನೆಯ ಸಲ ಜಾರಿದಾಗ ನಾನು ಹೋಗಿ ಎದುರು ಕೂತು ಹಿಡಿದೆ.

“ಹುಲ್ಲು ಕೊಯ್ದದ್ದು ನಾನು,” ಎಂದೆ.

“ಗೊತ್ತುಂಟು,” ಎಂದಳು ಅಕ್ಕ. “ಆ ವಾರ ದನ ಎರಡು ಕುಡ್ತೆ ಹಾಲು ಹೆಚ್ಚು ಕೊಟ್ಟಿತ್ತು.”

“ಮತ್ತೆ ಆ ದಿನ ಎಲ್ಲರ ಎದುರು ನೀನೇ ಕೊಯ್ದದ್ದು ಅಂತ ಯಾಕೆ ಹೇಳಿದ್ದು?”

ಅವಳು ಹಗ್ಗ ಎಳೆಯುವುದನ್ನು ನಿಲ್ಲಿಸಿದಳು. ಅವಳ ಕಣ್ಣು ಕೆಂಪಾಗಿತ್ತು. ಅಕ್ಕನಿಗೂ ಸಿಟ್ಟು ಬರುತ್ತದೆ ಎಂದು ನಾನು ಮೊದಲ ಸಲ ನೋಡಿದ್ದು ಆಗ.

“ನಾನು ಎಲ್ಲಿಗೆ ಹೋಗ್ಲಿ?” ಎಂದಳು. “ಗಂಡ ಇಲ್ಲ. ಪುತ್ತಿಗೆಯಲ್ಲಿ ಬಾಗಿಲು ಮುಚ್ಚಿತು. ನಿನ್ನ ಬೆಳೆ ಹಾಳಾಗಿ, ಅದರ ಮೇಲೆ ನಿನ್ನ ಮಾನವೂ ನನ್ನಿಂದ ಹೋದ್ರೆ ಈ ಮನೆಯಲ್ಲಿ ನನಗೆ ಅನ್ನ ಇಳೀತದಾ? ಹೋದ ವರ್ಷ ನಾನು ಮುಡಿ ಕಟ್ಟುವಾಗ ನಿನ್ನ ಮುಖ ನೋಡಿದ್ದೇನೆ. ಆ ರಾತ್ರಿಯೇ ಹುಲ್ಲು ಹಾಕುವ ಅಂತ ನಿಶ್ಚಯ ಮಾಡಿದ್ದು. ನಿನ್ನ ಗದ್ದೆ ಚೆನ್ನಾಗಿ ಬಂದು ಈ ಮುಡಿ ನೀನೇ ಕಟ್ಟಿದ್ರೆ ನನ್ನನ್ನು ಇಲ್ಲಿ ಇರ್ಲಿಕ್ಕೆ ಬಿಡ್ತಿ ಅಂತ.”

ನಾನು ಒಳ್ಳೆಯತನ ಎಂದು ಹೊಟ್ಟೆಕಿಚ್ಚುಪಟ್ಟದ್ದು ಒಳ್ಳೆಯತನವೇ ಆಗಿರಲಿಲ್ಲ. ಹೆದರಿಕೆಯಾಗಿತ್ತು. ಅದೂ ನನ್ನ ಬಗ್ಗೆ ಅವಳಿಗಿದ್ದ ಹೆದರಿಕೆ. ನಾನು ಬಯಸಿದ್ದ ಯಜಮಾನಿಕೆ ಅವಳು ಬಂದ ದಿನದಿಂದಲೇ ನನ್ನ ಕೈಯಲ್ಲಿತ್ತು, ಅವಳು ಒಬ್ಬಳೇ ಅದನ್ನು ಕಂಡಿದ್ದಳು.

ಅಕ್ಕ ಮೂಗು ಒರೆಸಿಕೊಂಡು ಹಗ್ಗದ ತುದಿಯನ್ನು ನನ್ನ ಕಡೆಗೆ ಚಾಚಿದಳು. “ಎಳಿ,” ಎಂದಳು. ನಾನು ಆ ತುದಿಯನ್ನು ಅವಳ ಕೈಯಲ್ಲೇ ಬಿಟ್ಟು, ಮುಡಿಯನ್ನು ಎರಡು ಕೈಯಲ್ಲಿ ಒತ್ತಿ ಹಿಡಿದುಕೊಂಡೆ.